ಬಂದೂಕಿನ ಆಟದೊಳಗೊಂದು ಭೌತಶಾಸ್ತ್ರದ ಪಾಠ

ಆತ ಸೈನಿಕನಲ್ಲ, ಪೊಲೀಸನೂ ಅಲ್ಲ. ವಯಸ್ಸು 27. ಕಣ್ಣಿಗೆ ದಪ್ಪ ಕಟ್ಟಿನ ಕನ್ನಡಕ. ಅಮೆರಿಕದ ಎಂಐಟಿಯಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಓದಿ ಡಾಕ್ಟರೇಟ್ ಪಡೆದವ. ಹೆಸರು ಗಾರ್ಡನ್ ಫ್ರೀಮನ್. 1998ರ ನವೆಂಬರಿನಲ್ಲಿ ವಾಲ್ವ್ ಎಂಬ ಅಮೆರಿಕದ ಕಂಪನಿ ಹೊರತಂದ ‘ಹಾಫ್ ಲೈಫ್’ ಎಂಬ ಕಂಪ್ಯೂಟರ್ ಆಟದ ನಾಯಕ ಈತ. ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿರುವ ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಎಡವಟ್ಟಾಗುತ್ತದೆ. ಬೇರೆ ಲೋಕದ ಜೀವಿಗಳು ಒಳನುಗ್ಗುತ್ತವೆ. ಫ್ರೀಮನ್ ಕೈಗೆ ಮೊದಲು ಸಿಗುವ ಆಯುಧ ಒಂದು ಕಬ್ಬಿಣದ ಹಾರೆ!

ಇಲ್ಲಿ ಆಡುವವನ ಕಣ್ಣೇ ನಾಯಕನ ಕಣ್ಣು. ಪರದೆಯ ಮೇಲೆ ಕಾಣುವುದು ಕೈ, ಆಯುಧ ಮತ್ತು ಎದುರಿನ ದೃಶ್ಯ ಮಾತ್ರ. ಇಂಥ ಆಟಗಳಿಗೆ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು.

ಬೀಳಗಿಯ ವಿಜ್ಞಾನ ಮಾಸ್ತರನಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಸೇರಿದ ಮೊಬೈಲು, ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನೂ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಆಟವನ್ನೂ ನಿಷೇಧಿಸಿತು. ಆಟದ ಹೆಸರು ಬದಲಾಯಿತೇ ಹೊರತು ಆಡುವುದು ನಿಲ್ಲಲಿಲ್ಲ. “ಊಟಕ್ಕ ಕರದ್ರೂ ಏಳಂಗಿಲ್ರಿ ಸರ್, ನೀವರ ಸ್ವಲ್ಪ ಹೇಳ್ರಿ” ಎಂಬುದು ಪಾಲಕರ ಸಭೆಯಲ್ಲಿ ಪ್ರತಿಸಲ ಕೇಳಿಬರುವ ಮಾತು. ಹೇಳುವ ಮೊದಲು ತಿಳಿಯಬೇಕಲ್ಲ? ಬೆಂಗಳೂರಿನಿಂದ ರಜೆಗೆ ಬಂದಿದ್ದ ತಂಗಿಯ ಮಗನ ಕಂಪ್ಯೂಟರಿನಲ್ಲಿ ಕೆಲವು ಸಂಜೆ ‘ಹಾಫ್ ಲೈಫ್’ ಆಡಿ ನೋಡಿದೆ. ಬಂದೂಕಿಗಿಂತ ಹೆಚ್ಚಾಗಿ ನನಗೆ ಅಲ್ಲಿ ಕಂಡದ್ದು ನಮ್ಮದೇ ಪಠ್ಯಪುಸ್ತಕ.

ಹೆಸರೇ ಒಂದು ಪಾಠ

‘ಹಾಫ್ ಲೈಫ್’ ಎಂದರೆ ಅರ್ಧಾಯು. ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ. ಅಯೋಡಿನ್-131ಕ್ಕೆ ಇದು ಸುಮಾರು 8 ದಿನ, ಇಂಗಾಲ-14ಕ್ಕೆ ಸುಮಾರು 5,730 ವರ್ಷ. ಫ್ರೀಮನ್ ತೊಡುವ ಕವಚದ ಎದೆಯ ಮೇಲೆ ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರವಿದೆ. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯ. ಕ್ಷಯ ಸ್ಥಿರಾಂಕದ ಸಂಕೇತ. 0.693ನ್ನು ಅದರಿಂದ ಭಾಗಿಸಿದರೆ ಅರ್ಧಾಯು ಸಿಗುತ್ತದೆ.

ಯಾವುದು ನಿಜ, ಯಾವುದು ಕಲ್ಪನೆ?

ವಿಕಿರಣವಿರುವ ಜಾಗಕ್ಕೆ ಕಾಲಿಟ್ಟರೆ ಕವಚದಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಇದು ಗೈಗರ್ ಗಣಕ, ನಿಜವಾದ ಉಪಕರಣ. ನಳಿಕೆಯೊಳಗಿನ ಅನಿಲವನ್ನು ವಿಕಿರಣ ಅಯಾನುಗಳಾಗಿಸಿದಾಗ ಕ್ಷಣಮಾತ್ರ ವಿದ್ಯುತ್ ಹರಿಯುತ್ತದೆ, ಅದೇ ಆ ಸದ್ದು.

ಅನಾಹುತಕ್ಕೆ ಕಾರಣವಾಗುವ ಯಂತ್ರದ ಹೆಸರು ‘ಆ್ಯಂಟಿ ಮಾಸ್ ಸ್ಪೆಕ್ಟ್ರೋಮೀಟರ್’. ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ರಾಶಿ ರೋಹಿತಮಾಪಕ, ನಿಜ. ಐಸೊಟೋಪುಗಳನ್ನು ಬೇರ್ಪಡಿಸಿ ತೋರಿಸಿದ ಈ ಉಪಕರಣಕ್ಕಾಗಿ ಇಂಗ್ಲೆಂಡಿನ ಆ್ಯಸ್ಟನ್‌ಗೆ 1922ರ ನೊಬೆಲ್ ಬಂತು. ಆದರೆ ‘ಋಣ ರಾಶಿ’ ಕತೆಗಾರನ ಕಲ್ಪನೆ. ಪ್ರತಿವಸ್ತುವೂ ಭೂಮಿಯತ್ತ ಕೆಳಕ್ಕೇ ಬೀಳುತ್ತದೆ ಎಂಬುದನ್ನು ಯುರೋಪಿನ ಸರ್ನ್ ಪ್ರಯೋಗಾಲಯದ ವಿಜ್ಞಾನಿಗಳು 2023ರಲ್ಲಿ ತೋರಿಸಿಕೊಟ್ಟರು.

ಇನ್ನು ಔಷಧದ ಪೆಟ್ಟಿಗೆ ಮುಟ್ಟಿದೊಡನೆ ಗಾಯ ಮಾಯವಾಗುವುದು ಶುದ್ಧ ಸುಳ್ಳು. ರಕ್ತ ಹೆಪ್ಪುಗಟ್ಟಿ, ಹೊಸ ಚರ್ಮ ಬರಲು ದಿನಗಳೇ ಬೇಕು. ಎತ್ತರದಿಂದ ಬಿದ್ದರೆ ನಾಯಕನಿಗೆ ಪೆಟ್ಟಾಗುವುದು ಮಾತ್ರ ಸತ್ಯ. 5 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 10 ಮೀಟರ್, ಅಂದರೆ ತಾಸಿಗೆ 36 ಕಿಲೋಮೀಟರ್. ಮೋಟಾರ್ ಸೈಕಲ್ಲಿನ ವೇಗ!

ಚಪ್ಪಟೆ ಪರದೆಯಲ್ಲಿ ಆಳ

ಪರದೆ ಚಪ್ಪಟೆ, ಆದರೂ ದೂರದ ಬಾಗಿಲು ದೂರವೇ ಕಾಣುತ್ತದೆ. ಹೇಗೆ? ಒಂದು ಪ್ರಯೋಗ ಮಾಡಿ. ನಿಮ್ಮ ಓಣಿಯಲ್ಲಿ 8 ಮೀಟರ್ ಎತ್ತರದ ವಿದ್ಯುತ್ ಕಂಬವಿದೆ ಎನ್ನಿ. ಅದರಿಂದ 20 ಮೀಟರ್ ದೂರ ನಿಂತು, ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿಯಿರಿ. ಕಂಬ ಪಟ್ಟಿಯ ಮೇಲೆ 24 ಸೆಂಟಿಮೀಟರ್ ಕಾಣುತ್ತದೆ. 40 ಮೀಟರ್ ದೂರ ಹೋದರೆ 12. ದೂರ ಎರಡು ಪಟ್ಟಾದರೆ ಎತ್ತರ ಅರ್ಧ. ಇದು ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಪಾಠವೇ. ಪರದೆಯ ಮೇಲಿನ ಗೋಡೆ, ಬಾಗಿಲು, ಜೀವಿಗಳೆಲ್ಲ ಸಣ್ಣ ಸಣ್ಣ ಬಹುಭುಜಗಳ ಜೋಡಣೆ. ಅವುಗಳ ಮೂಲೆಗಳಿಗೆಲ್ಲ ಕಂಪ್ಯೂಟರ್ ಈ ಲೆಕ್ಕವನ್ನೇ ಮಾಡುತ್ತದೆ. ನಾಯಕ ತಲೆ ತಿರುಗಿಸಿದರೆ ಸೈನ್, ಕೊಸೈನ್ ಬಳಸಿ ಮತ್ತೆ ಮಾಡುತ್ತದೆ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ ಸೆಕೆಂಡಿನ 60ರಲ್ಲಿ ಒಂದು ಭಾಗ.

ಈ ಬಗೆಯ ಆಟಗಳ ಪೂರ್ವಜ ‘ಮೇಝ್ ವಾರ್’ 1973ರ ಸುಮಾರಿಗೆ ಅಮೆರಿಕದ ನಾಸಾ ಏಮ್ಸ್ ಕೇಂದ್ರದಲ್ಲಿ ಹುಟ್ಟಿತು. ಬರೆದವರು ಅಲ್ಲಿ ಕೆಲಸ ಕಲಿಯಲು ಬಂದಿದ್ದ ವಿದ್ಯಾರ್ಥಿಗಳು! ನಮ್ಮ ಬೆಂಗಳೂರಿನಲ್ಲೂ ರಾಜೇಶ್ ರಾವ್ 1990ರ ದಶಕದಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಕಟ್ಟಿದರು. ವಿದೇಶಿ ಆಟಗಳಿಗೆ ಚಿತ್ರ ರಚಿಸಿಕೊಟ್ಟು ಹೆಸರಾದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಕೊಂಡಿತು. ಆಟ ಆಡುವುದಷ್ಟೇ ಅಲ್ಲ, ಮಾಡುವುದೂ ನಮ್ಮವರಿಗೆ ಸಾಧ್ಯ. ಆದರೆ ಅದಕ್ಕೆ ಗಣಿತ ಬೇಕು, ಚಿತ್ರಕಲೆ ಬೇಕು, ತಾಳ್ಮೆಯೂ ಬೇಕು.

ಪಾಲಕರಿಗೆ ಎರಡು ಮಾತು

ಹಾಗಾದರೆ ಆಡಲು ಬಿಡಬೇಕೇ? ‘ಹಾಫ್ ಲೈಫ್’ ಆಟಕ್ಕೆ ಅಮೆರಿಕದಲ್ಲಿ ಕೊಟ್ಟ ದರ್ಜೆ 17 ವರ್ಷ ಮೇಲ್ಪಟ್ಟವರಿಗೆ ಎಂದು. ರಕ್ತಪಾತ ಅದರಲ್ಲಿ ಧಾರಾಳವಾಗಿದೆ. ಹೈಸ್ಕೂಲು ಮಕ್ಕಳಿಗೆ ಅದು ತಕ್ಕುದಲ್ಲ. ಮೊಬೈಲಿನ ಆಟಗಳಿಗೂ ವಯಸ್ಸಿನ ಗುರುತು ಇರುತ್ತದೆ, ಮೊದಲು ಅದನ್ನು ನೋಡಿ.

ಇಂಥ ಆಟ ಕಣ್ಣಿನ ಗಮನವನ್ನು ಚುರುಕು ಮಾಡುತ್ತದೆ ಎಂದು ಗ್ರೀನ್ ಮತ್ತು ಬ್ಯಾವೆಲಿಯರ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದುಂಟು. ಮಕ್ಕಳು ಇದನ್ನೇ ಹಿಡಿದು ವಾದಿಸಿಯಾರು. ಅವರಿಗೆ ಉಳಿದರ್ಧವನ್ನೂ ಹೇಳಿ: ಆ ಪ್ರಯೋಗದಲ್ಲಿ ಹೊಸಬರಿಂದ ಆಡಿಸಿದ್ದು ದಿನಕ್ಕೆ ಒಂದೇ ತಾಸು, ಹತ್ತೇ ದಿನ. ರಾತ್ರಿ ಎರಡರವರೆಗಲ್ಲ.

ಆಟದ ಮೇಲೆ ಹಿಡಿತ ತಪ್ಪುವುದು, ಓದು, ಊಟ, ನಿದ್ದೆಗಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು: ಈ ಮೂರೂ ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನುತ್ತದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಅದರ ರೋಗಗಳ ಪಟ್ಟಿಯಲ್ಲಿ ಇದೂ ಸೇರಿದೆ. ಆದರೆ ವರ್ಷ ತುಂಬಲೆಂದು ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ವೈದ್ಯರ ಬಳಿ ಹೋಗುವುದರಲ್ಲಿ ನಾಚಿಕೆ ಬೇಡ.

ಅಷ್ಟು ದೂರ ಹೋಗದಂತೆ ನೋಡಿಕೊಳ್ಳುವುದು ಮನೆಯ ಕೆಲಸ. ಮೊಬೈಲು ಕಸಿದು ಬೀರುವಿನಲ್ಲಿಟ್ಟರೆ ಮಗ ಗೆಳೆಯನ ಮನೆಗೆ ಹೋಗುತ್ತಾನೆ. ಅದರ ಬದಲು ತಾಸು ನಿಗದಿ ಮಾಡಿ, ಒಂದು ದಿನ ಪಕ್ಕದಲ್ಲೇ ಕುಳಿತು ಕೇಳಿ: “ಇದರಾಗ ಖರೇ ಯಾವುದು, ಸುಳ್ಳ ಯಾವುದು? ಇಷ್ಟ ದೂರ ಕಾಣೂಹಂಗ ಹೆಂಗ ಮಾಡ್ಯಾರ?” ಉತ್ತರ ಹುಡುಕಲು ಹುಡುಗ ಪುಸ್ತಕ ತೆರೆದರೆ ನೀವು ಗೆದ್ದಂತೆ. ತೆರೆಯದಿದ್ದರೆ ಮರುದಿನ ನಮ್ಮ ಬಳಿ ಕಳಿಸಿ. ಅಳತೆಪಟ್ಟಿ ಹಿಡಿದು ಕಂಬ ಅಳೆಯೋಣ.