ಕ್ಲಾಸು ತಿರುಗಿಸಬಹುದು, ಫೋನು ಯಾರ ಜೇಬಲ್ಲಿದೆ?

ಪಾಠ ಮನೆಯಲ್ಲಿ ವಿಡಿಯೋ ನೋಡಿ ಕಲಿ, ಲೆಕ್ಕ-ಚರ್ಚೆ ಶಾಲೆಯಲ್ಲಿ ಮಾಡು: ಫ್ಲಿಪ್ಡ್ ಕ್ಲಾಸ್‌ರೂಮ್ ಅಂದ್ರೆ ಇಷ್ಟೇ. 2007ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಬರ್ಗ್‌ಮನ್, ಸ್ಯಾಮ್ಸ್ ಎಂಬಿಬ್ಬರು ಕೆಮಿಸ್ಟ್ರಿ ಮೇಷ್ಟ್ರು ಗೈರಾದ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡತೊಡಗಿ ಇದಕ್ಕೆ ಹೆಸರು ತಂದರು.

ನಾನು ಸರ್ಕಾರಿ ಹೈಸ್ಕೂಲಲ್ಲಿ 10ನೇ ಕ್ಲಾಸಿಗೆ ವಿಜ್ಞಾನ ಹೇಳುವವಳು. ತರಬೇತಿ ಆಗಿದೆ, ದೀಕ್ಷಾ ಆ್ಯಪಲ್ಲಿ ವಿಡಿಯೋಗಳೂ ಇವೆ. ವಿದ್ಯುತ್ ಪಾಠದ್ದೊಂದು ಕಳಿಸಿದೆ. ಮರುದಿನ ಅರ್ಧ ಕ್ಲಾಸು ನೋಡಿರಲಿಲ್ಲ. ಒಬ್ಬನ ಮನೆಯ ಫೋನು ಅಪ್ಪನ ಜೊತೆ ನೈಟ್ ಶಿಫ್ಟಿಗೆ ಹೋಗಿತ್ತು. ಇನ್ನೊಬ್ಬಳು, 'ಅಣ್ಣ ಬಿಟ್ಟ ಮೇಲೆ ನಂಗೆ ಸಿಗೋದು ಮಿಸ್, ಅಷ್ಟೊತ್ತಿಗೆ ಡೇಟಾ ಖಾಲಿ' ಅಂದಳು. ನೋಡದವರಿಗಾಗಿ ಮತ್ತೆ ಬೋರ್ಡು ಹಿಡಿದೆ, ನೋಡಿದವರು ಆಕಳಿಸಿದರು. 40 ನಿಮಿಷ ಮುಗೀತು.

ಶಿಕ್ಷಕರು ಬದಲಾವಣೆಗೆ ಹೆದರ್ತಾರೆ ಅಂತಾರಲ್ಲ, ಇರಬಹುದು. ಸದ್ಯಕ್ಕೆ ನಾನು ಕೇಳ್ತಿರೋದು ಸಂಜೆ ಒಂದು ಗಂಟೆ ಕಂಪ್ಯೂಟರ್ ಕೋಣೆಯ ಬೀಗದಕೈ.