ಗಡಿಯ ಗುಂಡಿನ ಸದ್ದು ಎಲ್ಲಿಯವರೆಗೆ ಕೇಳಿಸುತ್ತದೆ?

ಪ್ರತಿ ಜನವರಿಯ ಮೊದಲ ವಾರ ನನ್ನ ಚಿಕಿತ್ಸಾಲಯಕ್ಕೆ ತಪ್ಪದೆ ಬರುವ ವೃದ್ಧೆಯೊಬ್ಬರಿದ್ದಾರೆ. ಹೊಸ ವರ್ಷದ ರಾತ್ರಿ ಜರ್ಮನಿಯ ಬೀದಿಬೀದಿಗಳಲ್ಲಿ ಪಟಾಕಿ ಸಿಡಿಯುತ್ತದೆ. ಆಮೇಲೆ ನಾಲ್ಕಾರು ದಿನ ಅವರಿಗೆ ನಿದ್ರೆ ಬರದು, ರಕ್ತದೊತ್ತಡ ಹತೋಟಿಗೆ ಸಿಗದು. ಔಷಧಿ ಬದಲಿಸಿ ಸೋತ ಮೇಲೆ ಒಮ್ಮೆ ಕಾರಣ ಕೇಳಿದೆ. ಅವರು ಹೇಳಿದ್ದನ್ನು, ಅವರ ಒಪ್ಪಿಗೆಯಿಂದಲೇ, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು ತಜಿಕಿಸ್ತಾನದಲ್ಲಿ, ಜರ್ಮನ್ ಮೂಲದ ಕುಟುಂಬದಲ್ಲಿ. 1941ರ ಆಗಸ್ಟ್‌ನಲ್ಲಿ ಸ್ಟಾಲಿನ್ ಸರ್ಕಾರ ವೋಲ್ಗಾ ತೀರದ ಜರ್ಮನ್ನರನ್ನು ಸೈಬೀರಿಯಾ ಮತ್ತು ಕಜಕಸ್ತಾನಕ್ಕೆ ಗಡೀಪಾರು ಮಾಡಿತು. ನಿರ್ಬಂಧ ಸಡಿಲಗೊಂಡ ಮೇಲೆ ಹಲವರು ಬೆಚ್ಚನೆಯ ದಕ್ಷಿಣವನ್ನು ಅರಸಿ ಹೋದರು. 1989ರ ಹೊತ್ತಿಗೆ ತಜಿಕಿಸ್ತಾನದಲ್ಲಿ 30,000ಕ್ಕೂ ಹೆಚ್ಚು ಜರ್ಮನ್ನರಿದ್ದರು. ಇವರು ಅಲ್ಲಿನ ದಕ್ಷಿಣ ಭಾಗದ ಆಸ್ಪತ್ರೆಯೊಂದರಲ್ಲಿ ದಾದಿ.

ಸೋವಿಯತ್ ಒಕ್ಕೂಟ ಒಡೆದ ಮರುವರ್ಷ, 1992ರಲ್ಲಿ, ಅಲ್ಲಿ ಅಂತರ್ಯುದ್ಧ ಆರಂಭವಾಯಿತು. ಸೋತ ಪಕ್ಷದ ಹೋರಾಟಗಾರರು ಪಂಜ್ ನದಿ ದಾಟಿ ಅಫ್ಘಾನಿಸ್ತಾನ ಸೇರಿದರು. ಅಲ್ಲಿ ಶಸ್ತ್ರ ಕೂಡಿಸಿಕೊಂಡು ರಾತ್ರಿಗಳಲ್ಲಿ ಮರಳಿ ಬಂದು ದಾಳಿ ನಡೆಸಿದರು. ಹೊಸ ದೇಶಕ್ಕೆ ಗಡಿ ಕಾಯುವ ಬಲವಿರಲಿಲ್ಲ. ಕಾಯುತ್ತಿದ್ದುದು ರಷ್ಯಾದ ಪಡೆ. 1993ರ ಜುಲೈ 13ರಂದು ಅದರ 12ನೇ ಠಾಣೆಯ ಮೇಲೆ ನಡೆದ ದಾಳಿಯಲ್ಲಿ 25 ಯೋಧರು ಸತ್ತರು. "ಗಾಯಾಳುಗಳು ಮಕ್ಕಳಂತಿದ್ದರು, ಡಾಕ್ಟರೇ. ಗಡ್ಡ ಕೂಡ ಸರಿಯಾಗಿ ಮೂಡಿರಲಿಲ್ಲ" ಎಂದು ಆಕೆ ಆ ವರ್ಷಗಳನ್ನು ನೆನೆದರು. ಅದೇ ಚಳಿಗಾಲ ಎರಡು ಸೂಟ್‌ಕೇಸ್ ಹಿಡಿದು ಇಲ್ಲಿನ ಫ್ರೀಡ್‌ಲಾಂಡ್ ಶಿಬಿರಕ್ಕೆ ಬಂದಿಳಿದರು. 1997ರ ಜೂನ್ 27ರಂದು ಮಾಸ್ಕೋದಲ್ಲಿ ಶಾಂತಿ ಒಪ್ಪಂದವಾಯಿತು. ಅವರ ನಿದ್ರೆ ಮಾತ್ರ ಮರಳಲಿಲ್ಲ.

ಕಳೆದ ಡಿಸೆಂಬರಿನಲ್ಲಿ ದಾವಣಗೆರೆಯಿಂದ ತಂಗಿಯ ಕರೆ ಬಂತು. "ಅಣ್ಣ, ಮಗಳಿಗೆ ಸರ್ಕಾರಿ ಸೀಟು ಸಿಗಲಿಲ್ಲ. ದುಶಾಂಬೆಯಲ್ಲಿ ಎಂಬಿಬಿಎಸ್‌ಗೆ ಸೇರಿಸೋಣ ಅಂತಿದೀವಿ. ಏಜೆಂಟ್ ಸೋಮವಾರದೊಳಗೆ ಮುಂಗಡ ಕಟ್ಟಿ ಅಂತಾನೆ." ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೆಲವೇ ದಿನಗಳ ಹಿಂದೆ, 2025ರ ನವೆಂಬರ್ ಕೊನೆಯಲ್ಲಿ, ಅದೇ ಗಡಿಯಾಚೆಯಿಂದ ನಡೆದ ದಾಳಿಗಳಲ್ಲಿ ಐವರು ಚೀನೀಯರು ಸತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ, ರಾಜಧಾನಿ ದುಶಾಂಬೆ ಆ ಗಡಿಯಿಂದ ದೂರವಿದೆ. ಅಲ್ಲಿ ನಮ್ಮ ಮಕ್ಕಳು ನೆಮ್ಮದಿಯಿಂದ ಓದುತ್ತಿದ್ದಾರೆ. ನನ್ನ ಚಿಂತೆ ಬೇರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕನಿಷ್ಠ 54 ತಿಂಗಳ ಶಿಕ್ಷಣ, ಬಳಿಕ 12 ತಿಂಗಳ ಇಂಟರ್ನ್‌ಶಿಪ್, ಎರಡೂ ಒಂದೇ ವಿದೇಶಿ ಸಂಸ್ಥೆಯಲ್ಲಿ ಮುಗಿಯಬೇಕು. ನಡುವೆ ಗಲಭೆಯೆದ್ದರೆ ಜೀವವನ್ನು ವಿಮಾನದಲ್ಲಿ ತರಬಹುದು, ಓದನ್ನು ತರುವುದು ಕಷ್ಟ. ಉಕ್ರೇನಿನಿಂದ ಮರಳಿದ ಸಾವಿರಾರು ವಿದ್ಯಾರ್ಥಿಗಳು ಇದನ್ನು ಅನುಭವಿಸಿದ್ದಾರೆ. ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗನಂತೂ ಮರಳಲೇ ಇಲ್ಲ; 2022ರ ಮಾರ್ಚ್ 1ರಂದು ಅವನು ಸತ್ತ ಖಾರ್ಕಿವ್, ರಷ್ಯಾದ ಗಡಿಗೆ ಸುಮಾರು 40 ಕಿ.ಮೀ. ಸಮೀಪದ ನಗರ.

ಈ ಜನವರಿಯಲ್ಲಿ ಆ ವೃದ್ಧೆಯನ್ನೇ ಕೇಳಿದೆ: ಕಳಿಸಬಹುದೇ? ಬೇಡವೆನ್ನುವರೆಂದುಕೊಂಡಿದ್ದೆ. "ಒಳ್ಳೆಯ ಜನ. ಏಪ್ರಿಕಾಟ್ ಕಾಲದಲ್ಲಿ ಹೋದರೆ ಯಾರ ಮನೆಯಿಂದಲೂ ಬರಿಗೈಲಿ ಬರಲಾರಳು. ಆದರೆ 1992ರ ವಸಂತದಲ್ಲಿ ನಾವೂ ಏನೂ ಆಗದೆಂದೇ ನಂಬಿದ್ದೆವು. ಮರಳುವ ದಾರಿಯ ಹಣ ಅವಳ ಕೈಯಲ್ಲೇ ಇರಲಿ" ಎಂದರು.

ನಮ್ಮೂರಿನ ಹತ್ತಿರವೇ ಎರಡು ಜರ್ಮನಿಗಳ ಹಳೆಯ ಗಡಿ ಹಾದುಹೋಗಿತ್ತು. ಸುಮಾರು 1,400 ಕಿ.ಮೀ. ಉದ್ದದ ಆ ಮುಳ್ಳುತಂತಿಯ ಪಟ್ಟಿ ಇಂದು ಹಸಿರು ಹಾದಿ. ಭಾನುವಾರ ನಾನಲ್ಲಿ ನಡೆಯುತ್ತೇನೆ. ಹೆಚ್ಚುಕಡಿಮೆ ಅಷ್ಟೇ ಉದ್ದದ ತಜಿಕ್-ಅಫ್ಘಾನ್ ಗಡಿಯಲ್ಲಿ ಇನ್ನೂ ಗುಂಡು ಹಾರುತ್ತಿದೆ. ಗಡಿಗಳೂ ಗುಣವಾಗುತ್ತವೆ, ಆದರೆ ಎಲ್ಲವೂ ಒಂದೇ ಕಾಲಕ್ಕಲ್ಲ.

ತಂಗಿಗೆ ಹೇಳಿದ್ದು ಇಷ್ಟೇ: ಏಜೆಂಟ್ ಕಾಲೇಜಿನ ಚಿತ್ರ ತೋರಿಸಿದಾಗ ದೇಶದ ನಕ್ಷೆಯನ್ನೂ ಬಿಡಿಸಿ ನೋಡು. ನಿಯಮ ಓದು. ಅಲ್ಲಿ ಓದುತ್ತಿರುವ ಇಬ್ಬರೊಡನೆ ಮಾತಾಡು. ಸೋಮವಾರದ ಗಡುವು ಏಜೆಂಟನದು, ನಿನ್ನ ಮಗಳದಲ್ಲ. ಅವರು ಮುಂಗಡ ಕಟ್ಟಿಲ್ಲ. ಸೊಸೆ ನಕ್ಷೆಯ ಮುಂದೆ ಕುಳಿತಿದ್ದಾಳಂತೆ.