ಕುರಕುಂಟಾದ ಅಜ್ಜನ ಬದುಕು ಬರೆಯುವ ಮುನ್ನ

ನವೆಂಬರ್ 2ರಂದು ಮೃತ ವಿಶ್ವಾಸಿಗಳ ಸ್ಮರಣೆ ಮಾಡುವಾಗ ಕರಾವಳಿಯ ಕಥೊಲಿಕ ಕುಟುಂಬಗಳಿಗೆ ಹೇಳಿಕೊಳ್ಳಲು ದೊಡ್ಡ ಇತಿಹಾಸವಿದೆ. 1784ರ ವಿಭೂತಿ ಬುಧವಾರದ ಸೆರೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮರಳಿ ಬಂದವರ ಬವಣೆ ನಾವು ಮನೆಗಳಲ್ಲಿ ಕೇಳಿದ್ದೇ. ಆದರೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇವೆಗೆಂದು ಹೋಗುವ ನಮ್ಮವರು ಅಲ್ಲಿನ ಹಿರಿಯರನ್ನು ಇದೇ ಅಳತೆಯಲ್ಲಿ ನೋಡಿದರೆ ಏನೂ ತಿಳಿಯದು.

ಸೇಡಂ ತಾಲೂಕಿನ ಕುರಕುಂಟಾದಲ್ಲಿ 1930ರ ಸುಮಾರಿಗೆ ಹುಟ್ಟಿದ ಅಜ್ಜನೊಬ್ಬನನ್ನು ಊಹಿಸಿಕೊಳ್ಳೋಣ. ಆತ ಹೈದರಾಬಾದಿನ ನಿಜಾಮರ ಪ್ರಜೆ. ಮನೆಯ ಮಾತು ಕನ್ನಡವೋ ತೆಲುಗೋ ಇರಬಹುದು, ಕಚೇರಿಯ ಮಾತು ಉರ್ದು. ಸಂತೆಯಲ್ಲಿ ಓಡುತ್ತಿದ್ದುದು ಹಾಲಿ ಸಿಕ್ಕಾ. ಹಳೆಯ ಕಾಗದಗಳಲ್ಲಿ ಇಸವಿಯೂ ನಮ್ಮದಲ್ಲ, ಫಸಲಿ. ಅದಕ್ಕೆ 590 ಕೂಡಿಸಿದರೆ ಆ ಫಸಲಿ ಆರಂಭವಾದ ಕ್ರಿಸ್ತಶಕ ಸಿಗುತ್ತದೆ. ಫಸಲಿ 1357 ಆರಂಭವಾದದ್ದು 1947ರ ಅಕ್ಟೋಬರಿನಲ್ಲಿ.

ಆ ವರ್ಷದ ಬಗ್ಗೆ ತುಸು ನಿಧಾನವಾಗಿ ಕೇಳಬೇಕು. 1947ರ ಆಗಸ್ಟ್ 15 ಅಲ್ಲಿಗೆ ಸ್ವಾತಂತ್ರ್ಯ ತರಲಿಲ್ಲ. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಜನ ಊರು ಬಿಟ್ಟರು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಮೇಲೆ ಹಿಂಸೆ ನಡೆಯಿತು. ಸುಂದರಲಾಲ್ ಸಮಿತಿಯ ವರದಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರನ್ನು ಹೆಸರಿಸಿದೆ. ಅಜ್ಜನಿಗೆ ಆಗ ಸುಮಾರು ಹದಿನೆಂಟು. ಯಾರು ಯಾರನ್ನು ಮನೆಯೊಳಗೆ ಬಚ್ಚಿಟ್ಟರು, ಯಾರು ಸುಮ್ಮನಿದ್ದರು ಎಂಬುದು ಅವರಿಗೆ ನೆನಪಿರುತ್ತದೆ. ಒಂದು ಕಡೆಯ ನೋವನ್ನಷ್ಟೇ ಬರೆದುಕೊಂಡು ಬಂದರೆ ಅದು ಅವರ ಬದುಕಾಗದು.

1956ರಲ್ಲಿ ಮನೆ ಬದಲಿಸದೆಯೇ ಅಜ್ಜ ಮೈಸೂರು ರಾಜ್ಯದವನಾದ. 1970ರ ದಶಕದಲ್ಲಿ ಸರಕಾರಿ ಸಿಮೆಂಟ್ ಕಾರ್ಖಾನೆ ಕುರಕುಂಟಾಕ್ಕೆ ಸಂಬಳದ ದುಡಿಮೆ ತಂದಿತು. 1998ರಲ್ಲಿ ಉತ್ಪಾದನೆ ನಿಂತಿತು. ಮಕ್ಕಳ ವಲಸೆಯ ಕತೆ ಇಲ್ಲಿಂದಲೇ ತೊಡಗಿರಲೂಬಹುದು. (ನಮ್ಮ ಕಡೆಯ ಮರಣ ಪ್ರಕಟಣೆಗಳಲ್ಲಿ ಮಕ್ಕಳು ಯಾವ ದೇಶದಲ್ಲಿದ್ದಾರೆ ಎಂಬುದಕ್ಕೇ ಹೆಚ್ಚು ಜಾಗ!)

ಇಗರ್ಜಿಯ ಜ್ಞಾನಸ್ನಾನದ ಪುಸ್ತಕ ಇಲ್ಲಿ ಸಾಲದು. ಕುಟುಂಬ ಮೊದಲ ತಲೆಮಾರಿನದಾದರೆ ಅದರಲ್ಲಿ ತಂದೆತಾಯಿಯ ಹೆಸರಿನಾಚೆ ದಾರಿಯಿಲ್ಲ. ಜಮೀನಿನ ಪತ್ರ, ಶಾಲೆಯ ದಾಖಲೆ, ಕಾರ್ಖಾನೆಯ ಪಿ.ಎಫ್. ಚೀಟಿ ಕೇಳಿ ನೋಡಿ. ಉರ್ದು ಕಾಗದ ಸಿಕ್ಕರೆ ಊರಿನಲ್ಲೇ ಉರ್ದು ಶಾಲೆಯಲ್ಲಿ ಕಲಿತ ಹಿರಿಯರಿಂದ ಓದಿಸಿಕೊಳ್ಳಿ. ನಿಜಾಮರ ಕಾಲದಲ್ಲಿ ಅಕ್ಷರ ಕಲಿತವರಿಗೆ ಈಗ ಎಂಬತ್ತು ದಾಟಿದೆ. ಈ ಕೆಲಸವನ್ನು ಮುಂದಿನ ನವೆಂಬರಿಗೆ ಇಟ್ಟುಕೊಳ್ಳುವುದು ಬೇಡ.